ಹದಿನೆಂಟರ ಹುಡುಗ: ಗಿಡವೋ, ಮರವೋ?

(ಕಾನೂನು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ತಪ್ಪು ಮಾಡಿದ ಮಕ್ಕಳ ಕಿವಿ ಹಿಂಡುವಾಗ ಹಿರಿಯರು ಹೇಳುವ ಮಾತು ಅದು. ಆದರೆ ಗಿಡ ಯಾವಾಗ ಮರವಾಗುತ್ತದೆ ಎಂಬುದನ್ನು ಗಾದೆ ಹೇಳುವುದಿಲ್ಲ. ಕಾನೂನು ಹೇಳುತ್ತದೆ. ಹದಿನೆಂಟು ತುಂಬುವ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಒಂದು ಕಿಟಕಿಗೆ ಕಲ್ಲೆಸೆದ ಹುಡುಗ ಬಾಲಕ. ಎರಡು ಗಂಟೆ ಕಳೆದು ಅದೇ ಕಿಟಕಿಗೆ ಅದೇ ಕಲ್ಲನ್ನು ಎಸೆದರೆ ಅವನು ವಯಸ್ಕ. ಮೊದಲನೆಯವನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲುತ್ತಾನೆ, ಎರಡನೆಯವನು ಕಟಕಟೆಯಲ್ಲಿ.

ಒಂದೇ ರಾತ್ರಿಯಲ್ಲಿ ಗಿಡ ಮರವಾಗುವ ಪವಾಡ ಕಾನೂನಿನಲ್ಲಿ ಮಾತ್ರ ಸಾಧ್ಯ. ಕಾನೂನು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು; ಅದಕ್ಕೆ ನನ್ನ ಆಕ್ಷೇಪವಿಲ್ಲ. ನನ್ನ ಚಿಂತೆ ಇರುವುದು ಗೆರೆಯ ಆಚೆಗೆ ಈಗಷ್ಟೆ ಕಾಲಿಟ್ಟವರ ಬಗ್ಗೆ, ಅಂದರೆ ಹದಿನೆಂಟರಿಂದ ಇಪ್ಪತ್ತೈದರವರೆಗಿನ ಯುವಕರ ಬಗ್ಗೆ. ಅಪರಾಧಗಳ ಲೆಕ್ಕವನ್ನು ಅಚ್ಚುಕಟ್ಟಾಗಿ ಇಟ್ಟಿರುವ ದೇಶಗಳಲ್ಲಿ ಕಂಡುಬಂದ ಸಂಗತಿ ಇದು: ತಪ್ಪು ದಾರಿ ತುಳಿಯುವವರ ಪ್ರಮಾಣ ಹದಿಹರೆಯದ ಕೊನೆಯಲ್ಲಿ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ ತುತ್ತತುದಿಗೆ ಏರುತ್ತದೆ, ಆಮೇಲೆ ವಯಸ್ಸಿನೊಂದಿಗೆ ಇಳಿಯುತ್ತ ಹೋಗುತ್ತದೆ. ಮುಂದಾಲೋಚನೆಗೂ ಆವೇಶದ ನಿಗ್ರಹಕ್ಕೂ ಸಂಬಂಧಿಸಿದ ಮಿದುಳಿನ ಮುಂಭಾಗ ಇಪ್ಪತ್ತೈದರ ಸುಮಾರಿನವರೆಗೂ ಬಲಿಯುತ್ತಲೇ ಇರುತ್ತದೆ ಎಂದು ನರವಿಜ್ಞಾನಿಗಳು ಹೇಳುತ್ತಾರೆ. ಎಂದರೆ, ನಾವು ಮರವೆಂದು ಕರೆದದ್ದರಲ್ಲಿ ಇನ್ನೂ ಹಸಿ ಇದೆ.

ಈ ಹಸಿ ಮರವನ್ನು ಏನು ಮಾಡಬೇಕು? ಈ ಪ್ರಶ್ನೆಗೆ ಎರಡು ಊರುಗಳು, ಸುಮಾರು ನೂರು ವರ್ಷಗಳ ಅಂತರದಲ್ಲಿ, ಎರಡು ಬೇರೆ ಬೇರೆ ಉತ್ತರಗಳನ್ನು ಕೊಟ್ಟವು. ವಿಚಿತ್ರವೆಂದರೆ ಎರಡೂ ಊರುಗಳ ಹೆಸರು ಒಂದೇ: ಎಲ್ಮೈರಾ. ಒಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿದೆ, ಇನ್ನೊಂದು ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ.

ಮೊದಲ ಎಲ್ಮೈರಾ

ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಸಾಹಿತ್ಯಾಸಕ್ತರಿಗೆ ಗೊತ್ತಿರುವ ಊರು. ಮಾರ್ಕ್ ಟ್ವೇನ್ ಅನೇಕ ಬೇಸಗೆಗಳನ್ನು ಕಳೆದದ್ದು ಅಲ್ಲಿ. ಅವನ ಸಮಾಧಿ ಇರುವುದೂ ಅಲ್ಲಿಯೇ. ಆ ಊರಿನಲ್ಲಿ 1876ರಲ್ಲಿ ಹೊಸ ಬಗೆಯ ಸೆರೆಮನೆಯೊಂದು ತೆರೆಯಿತು. ಅದರ ಹೆಸರಿನಲ್ಲಿ ಜೈಲು ಎಂಬ ಪದವೇ ಇರಲಿಲ್ಲ. ‘ರಿಫಾರ್ಮೆಟರಿ’, ಅಂದರೆ ಸುಧಾರಣಾಲಯ, ಎಂದು ಕರೆದರು. ಹದಿನಾರರಿಂದ ಮೂವತ್ತು ವರ್ಷದೊಳಗಿನ, ಮೊದಲ ಬಾರಿಗೆ ಶಿಕ್ಷೆಗೊಳಗಾದ ಯುವಕರಿಗಾಗಿ ಮಾತ್ರ ಅದು ಮೀಸಲು. ಅದರ ಮೇಲ್ವಿಚಾರಕ ಜೆಬ್ಯುಲನ್ ಬ್ರಾಕ್‌ವೇ ಎಂಬಾತ.

ಬ್ರಾಕ್‌ವೇಯ ಯೋಜನೆ ಆ ಕಾಲಕ್ಕೆ ಕ್ರಾಂತಿಕಾರಿಯಾಗಿತ್ತು. ಹುಡುಗ ಇಷ್ಟೇ ವರ್ಷ ಒಳಗಿರಬೇಕೆಂದು ನಿಗದಿಯಿಲ್ಲ. ಸುಧಾರಿಸಿದರೆ ಬೇಗ ಬಿಡುಗಡೆ. ಕೈದಿಗಳಲ್ಲಿ ಮೂರು ದರ್ಜೆ. ಬಂದವನು ಎರಡನೆಯ ದರ್ಜೆಯಲ್ಲಿ ಸೇರುತ್ತಾನೆ. ನಡತೆ, ಓದು, ಕೆಲಸ ಮೂರರಲ್ಲೂ ಅಂಕ ಗಳಿಸಿದರೆ ಮೊದಲನೆಯದಕ್ಕೆ ಬಡ್ತಿ, ಕಳೆದುಕೊಂಡರೆ ಮೂರನೆಯದಕ್ಕೆ ಇಳಿತ. ಒಳಗೆ ಶಾಲೆ, ಕೈಕಸುಬಿನ ತರಗತಿ, ಕವಾಯತು, ವಾದ್ಯವೃಂದ, ಕೈದಿಗಳದೇ ಒಂದು ಪತ್ರಿಕೆ. ದೇಶವಿದೇಶಗಳಿಂದ ಜನ ಬಂದು ನೋಡಿ ಮೆಚ್ಚಿದರು.

ಆದರೆ ಐನೂರು ಮಂದಿಗೆಂದು ಕಟ್ಟಿದ ಜಾಗದಲ್ಲಿ ಅದರ ಎರಡು ಪಟ್ಟಿಗೂ ಮಿಗಿಲು ಜನರನ್ನು ತುಂಬಿದರು. ಸುಧಾರಿಸಲೊಪ್ಪದವರಿಗೆ ಬ್ರಾಕ್‌ವೇ ಸ್ವತಃ ಚರ್ಮದ ಪಟ್ಟಿಯಿಂದ ಬಾರಿಸುತ್ತಿದ್ದ. 1893-94ರಲ್ಲಿ ರಾಜ್ಯದ ಧರ್ಮಾದಾಯ ಮಂಡಳಿ ತನಿಖೆ ನಡೆಸಿ, ಅಲ್ಲಿನ ಹೊಡೆತ ಕ್ರೂರವಾದದ್ದೆಂದು ವರದಿ ಕೊಟ್ಟಿತು. ಆತ ಮಾತ್ರ 1900ರವರೆಗೆ ಅದೇ ಕುರ್ಚಿಯಲ್ಲಿದ್ದ. ನಂತರ ಆ ಊರಿನ ಮೇಯರ್ ಕೂಡ ಆದ!

ಎಲ್ಮೈರಾದ ವಿಚಾರ ಅಲ್ಲಿಗೇ ನಿಲ್ಲಲಿಲ್ಲ. ಇಂಗ್ಲೆಂಡಿನ ಸೆರೆಮನೆಗಳ ಮುಖ್ಯಸ್ಥ ಈವ್ಲಿನ್ ರಗಲ್ಸ್-ಬ್ರೈಸ್ 1897ರಲ್ಲಿ ಅದನ್ನು ನೋಡಿಹೋದ. 1902ರಲ್ಲಿ ಕೆಂಟ್ ಪ್ರದೇಶದ ಬೋರ್ಸ್ಟಲ್ ಎಂಬ ಹಳ್ಳಿಯಲ್ಲಿ ಅಂಥದೇ ಪ್ರಯೋಗ ಶುರುವಾಯಿತು. 1908ರ ಕಾಯಿದೆ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಹಳ್ಳಿಯ ಹೆಸರೇ ಪದ್ಧತಿಯ ಹೆಸರಾಯಿತು. 1920ರ ದಶಕದಲ್ಲಿ ಮದರಾಸು, ಮುಂಬಯಿ ಪ್ರಾಂತಗಳಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯಿದೆ ಬಂತು. ನಮ್ಮ ರಾಜ್ಯಕ್ಕೆ 1963ರಲ್ಲಿ ಅದರದೇ ಕಾಯಿದೆಯಾಯಿತು. ಧಾರವಾಡದ ಹಿರಿಯರಿಗೆ ಬೋರ್ಸ್ಟಲ್ ಶಾಲೆ ಎಂಬ ಹೆಸರು ಅಪರಿಚಿತವಲ್ಲ. ಇಂಗ್ಲೆಂಡು 1982ರ ಕಾಯಿದೆಯಿಂದ ಬೋರ್ಸ್ಟಲನ್ನು ಕೈಬಿಟ್ಟಿತು.

ಈ ಪದ್ಧತಿಯಲ್ಲಿ ಒಳ್ಳೆಯದು ಏನೂ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಅಕ್ಷರ ಕಲಿತು, ಕಸುಬು ಕಲಿತು ಬದುಕು ಕಟ್ಟಿಕೊಂಡವರು ಎಷ್ಟೋ ಮಂದಿ. ಆದರೆ ಅದರಲ್ಲಿ ಒಂದು ಕೊರತೆಯಿತ್ತು. ಅಲ್ಲಿ ಹುಡುಗ ಮೇಲಿನವರ ಅಂಕಪಟ್ಟಿಗೆ ಉತ್ತರ ಕೊಡಬೇಕಿತ್ತು, ತಾನು ನೋಯಿಸಿದವರಿಗಲ್ಲ. ಯಾರ ಮನೆ ಮುರಿದು ಅವನು ಒಳಗೆ ಬಂದನೋ ಅವರು ಆ ಚಿತ್ರದಲ್ಲಿ ಎಲ್ಲಿಯೂ ಇಲ್ಲ.

ಎರಡನೆಯ ಎಲ್ಮೈರಾ

ಈಗ ಕೆನಡಾಕ್ಕೆ ಬನ್ನಿ. ಒಂಟಾರಿಯೊದ ಎಲ್ಮೈರಾ ಪುಟ್ಟ ಊರು. ಸುತ್ತ ಮೆನೊನೈಟ್ ಎಂಬ ಕ್ರೈಸ್ತ ಪಂಥದ ರೈತರು. ಅವರಲ್ಲಿ ಸಂಪ್ರದಾಯಸ್ಥರು ಇವತ್ತಿಗೂ ಕುದುರೆಗಾಡಿಯಲ್ಲಿ ಓಡಾಡುತ್ತಾರೆ. 1974ರ ಮೇ 28ರ ರಾತ್ರಿ ಹದಿನೆಂಟು ಮತ್ತು ಹತ್ತೊಂಬತ್ತು ವರ್ಷದ ಇಬ್ಬರು ಹುಡುಗರು ಕುಡಿದ ಅಮಲಿನಲ್ಲಿ ಬೀದಿಗಿಳಿದರು. ಕಾರುಗಳ ಟೈರು ಸೀಳಿದರು, ಕಿಟಕಿ ಗಾಜು ಪುಡಿಮಾಡಿದರು, ಯಾರದೋ ದೋಣಿಯನ್ನು ಹಾಳುಗೆಡವಿದರು. ಬೆಳಗಾಗುವ ಹೊತ್ತಿಗೆ ಇಪ್ಪತ್ತೆರಡು ಕಡೆ ಹಾನಿಯಾಗಿತ್ತು. ಹುಡುಗರು ಸಿಕ್ಕಿಬಿದ್ದರು, ತಪ್ಪೊಪ್ಪಿಕೊಂಡರು.

ಶಿಕ್ಷೆಗೆ ಮುನ್ನ ವರದಿ ಸಿದ್ಧಪಡಿಸಬೇಕಾಗಿದ್ದವರು ಮಾರ್ಕ್ ಯಾಂಟ್ಜಿ ಎಂಬ ಪ್ರೊಬೇಷನ್ ಅಧಿಕಾರಿ. ಆತ ಮತ್ತು ಮೆನೊನೈಟ್ ಸೇವಾ ಸಂಸ್ಥೆಯ ಡೇವ್ ವರ್ತ್ ಮಾತನಾಡಿಕೊಂಡಾಗ ಒಂದು ಯೋಚನೆ ಹೊಳೆಯಿತು. ಈ ಹುಡುಗರು ತಾವು ಹಾಳುಮಾಡಿದ ಮನೆಗಳಿಗೆ ಹೋಗಿ ಮನೆಯವರನ್ನು ಮುಖಾಮುಖಿ ಕಂಡರೆ ಹೇಗೆ? ಅಂಥ ಪದ್ಧತಿ ಎಲ್ಲಿಯೂ ಇರಲಿಲ್ಲ. ಆದರೂ ವರದಿಯ ಜೊತೆಗೆ ಸಲಹೆ ಹೋಯಿತು. ಕಿಚನರ್ ನಗರದ ನ್ಯಾಯಾಧೀಶ ಗಾರ್ಡನ್ ಮೆಕ್‌ಕಾನೆಲ್ ಒಪ್ಪಿ, ಮೊಕದ್ದಮೆಯನ್ನು ಒಂದು ತಿಂಗಳು ಮುಂದೂಡಿದರು.

ಹುಡುಗರು ಮನೆಮನೆಯ ಬಾಗಿಲು ತಟ್ಟಿದರು. ಯಾಂಟ್ಜಿ ಮತ್ತು ವರ್ತ್ ಪುಸ್ತಕ ಹಿಡಿದುಕೊಂಡು ಸ್ವಲ್ಪ ಹಿಂದೆ ನಿಂತಿರುತ್ತಿದ್ದರು, ಮಾತನಾಡಬೇಕಾದವರು ಹುಡುಗರೇ. ‘ಆ ರಾತ್ರಿ ನಿಮ್ಮ ಮನೆಗೆ ಹಾನಿ ಮಾಡಿದವರು ನಾವು’ ಎಂದು ಹೇಳಬೇಕು, ನಷ್ಟ ಎಷ್ಟಾಯಿತೆಂದು ಕೇಳಬೇಕು. ಕೆಲವರು ಸಿಟ್ಟಾದರು, ಕೆಲವರು ಕ್ಷಮಿಸಿದರು. ಊರು ಬಿಟ್ಟುಹೋಗಿದ್ದವರನ್ನು ಬಿಟ್ಟರೆ ಎಲ್ಲರನ್ನೂ ಕಂಡರು. ಒಟ್ಟು ನಷ್ಟ ಸುಮಾರು 2,200 ಡಾಲರ್. ಅದರಲ್ಲಿ ಸರಿಸುಮಾರು ಅರ್ಧ ವಿಮೆಯಿಂದ ಬಂದಿತ್ತು. ಉಳಿದದ್ದನ್ನು ಹುಡುಗರು ದುಡಿದು ಕೊಡಬೇಕೆಂದು, ಜೊತೆಗೆ ದಂಡ ಮತ್ತು ಹದಿನೆಂಟು ತಿಂಗಳ ಪ್ರೊಬೇಷನ್ ಎಂದು ನ್ಯಾಯಾಧೀಶರು ಆದೇಶಿಸಿದರು. ಕೆಲವೇ ತಿಂಗಳಲ್ಲಿ ಹುಡುಗರು ಮತ್ತೆ ಅದೇ ಬಾಗಿಲುಗಳಿಗೆ ಹೋಗಿ ಹಣ ತಲಪಿಸಿದರು.

ಆ ಇಬ್ಬರಲ್ಲಿ ಒಬ್ಬ ಹದಿನೈದಕ್ಕೆಲ್ಲ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡಿದ್ದವನು. ಅನೇಕ ವರ್ಷಗಳ ನಂತರ ಆತ ಕಾಲೇಜು ಸೇರಿ ಓದಿದ. ಓದುವಾಗ ತರಗತಿಯಲ್ಲಿ ಎಲ್ಮೈರಾ ಪ್ರಕರಣದ ಪ್ರಸ್ತಾಪ ಬಂತು. ತನ್ನದೇ ಕತೆ ಪಾಠವಾಗಿದೆ ಎಂದು ಅವನಿಗೆ ತಿಳಿದದ್ದು ಆಗ. ಬಳಿಕ ಅವನೂ ಅದೇ ಸಂಧಾನದ ಕೆಲಸಕ್ಕೆ ಸ್ವಯಂಸೇವಕನಾಗಿ ಸೇರಿದ. ಅಷ್ಟು ಹೊತ್ತಿಗೆ ಆ ಪ್ರಯೋಗಕ್ಕೆ ಕೆನಡಾದಲ್ಲಿ, ಅಮೆರಿಕದಲ್ಲಿ, ಯುರೋಪಿನಲ್ಲಿ ನೂರಾರು ಕವಲುಗಳು ಒಡೆದಿದ್ದವು. ಅದಕ್ಕೆ ‘ರೆಸ್ಟೊರೇಟಿವ್ ಜಸ್ಟಿಸ್’ ಎಂಬ ಹೆಸರು ಬಂದಿತ್ತು. ಕನ್ನಡದಲ್ಲಿ ನಾನು ಅದನ್ನು ‘ಸರಿಪಡಿಸುವ ನ್ಯಾಯ’ ಎಂದು ಕರೆಯುತ್ತೇನೆ. ಮುರಿದದ್ದನ್ನು ಮುರಿದವನೇ ಸರಿಪಡಿಸುವುದು ಅದರ ತಿರುಳಾದ್ದರಿಂದ ಈ ಹೆಸರು ಸಾಕೆನಿಸುತ್ತದೆ.

ಹತ್ತು ಅಡಿಯ ದೂರ

ಈ ಚಿಂತನೆಗೆ ಗಟ್ಟಿ ತಳಹದಿ ಹಾಕಿದವರು ಇಬ್ಬರು. ನಾರ್ವೆಯ ಅಪರಾಧಶಾಸ್ತ್ರಜ್ಞ ನಿಲ್ಸ್ ಕ್ರಿಸ್ಟಿ 1977ರ ಪ್ರಸಿದ್ಧ ಲೇಖನವೊಂದರಲ್ಲಿ, ಜಗಳ ಎಂಬುದು ಜಗಳವಾಡಿದವರ ಆಸ್ತಿ, ಅದನ್ನು ವಕೀಲರೂ ಸರ್ಕಾರವೂ ಅವರಿಂದ ಕಸಿದುಕೊಂಡಿದ್ದಾರೆ ಎಂದು ವಾದಿಸಿದರು. ಅಮೆರಿಕದ ಹೋವರ್ಡ್ ಜೆರ್ 1990ರಲ್ಲಿ ಬರೆದ ಪುಸ್ತಕದಿಂದ ನೋಟವನ್ನೇ ಬದಲಿಸಿದರು. ನ್ಯಾಯಾಲಯ ಕೇಳುವುದು ಮೂರು ಪ್ರಶ್ನೆ: ಯಾವ ಕಾನೂನು ಮುರಿಯಿತು, ಮುರಿದವರು ಯಾರು, ಅವರಿಗೆ ಏನು ಶಿಕ್ಷೆ? ಸರಿಪಡಿಸುವ ನ್ಯಾಯ ಕೇಳುವುದೂ ಮೂರೇ: ನೋವಾದದ್ದು ಯಾರಿಗೆ, ಅವರಿಗೆ ಬೇಕಾದದ್ದು ಏನು, ಅದನ್ನು ಪೂರೈಸುವ ಹೊಣೆ ಯಾರದು?

ಇದು ಬರಿಯ ಪದಗಳ ಆಟವಲ್ಲ ಎಂಬುದಕ್ಕೆ ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನಾವೆಲ್ಲ ಮದುವೆಗೆ ಹೋಗಿದ್ದ ದಿನ ನಮ್ಮ ಮನೆಯಲ್ಲಿ ಕಳವಾಯಿತು. ಕಳ್ಳ ಸಿಕ್ಕಿದ, ಇಪ್ಪತ್ತರ ಹುಡುಗ. ಬೆಳ್ಳಿಯ ಚೊಂಬು, ದೀಪಗಳು ವಾಪಸು ಬಂದವು. ನನ್ನನ್ನು ಒಮ್ಮೆ ಸಾಕ್ಷಿಗೆ ಕರೆದರು. ಸಾಮಾನು ಗುರುತಿಸಿ, ಸಹಿ ಹಾಕಿ ಬಂದೆ. ಅವನು ನನ್ನಿಂದ ಹತ್ತು ಅಡಿ ದೂರದಲ್ಲಿ ನಿಂತಿದ್ದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮುಂದೆ ಅವನಿಗೆ ಎಷ್ಟು ಶಿಕ್ಷೆಯಾಯಿತೆಂದು ನಮಗೆ ಯಾರೂ ತಿಳಿಸಲಿಲ್ಲ.

ನಮ್ಮ ತಾಯಿಗೆ ಬೇಕಾಗಿದ್ದುದು ಚೊಂಬಲ್ಲ, ಒಂದು ಉತ್ತರ. ನಾವು ಮನೆಯಲ್ಲಿಲ್ಲವೆಂದು ಅವನಿಗೆ ಹೇಗೆ ತಿಳಿಯಿತು? ಯಾರು ಹೇಳಿದರು? ಆ ಪ್ರಶ್ನೆಯನ್ನು ಕೇಳುವುದಕ್ಕೆ ನ್ಯಾಯಾಲಯದಲ್ಲಿ ಜಾಗವಿರಲಿಲ್ಲ. ಬೀಗದ ಕೈ ಕೊಟ್ಟು ಹೋಗಿದ್ದ ಎದುರು ಮನೆಯವರ ಮೇಲೆ ಅಮ್ಮನಿಗೆ ಅನುಮಾನ ಕೂತಿತು. ಮೂವತ್ತು ವರ್ಷ ಅರಿಸಿನ ಕುಂಕುಮಕ್ಕೆ ಹೋಗಿ ಬಂದು ಮಾಡಿದ ಮನೆ. ಕೊನೆಯವರೆಗೂ ಮತ್ತೆ ಆ ಹೊಸಲು ತುಳಿಯಲಿಲ್ಲ. ಕಳುವಾದ ಸಾಮಾನುಗಳ ಪಟ್ಟಿಯಲ್ಲಿ ಇದನ್ನು ಯಾರೂ ಬರೆದುಕೊಂಡಿರಲಿಲ್ಲ.

ಅತ್ತ ಆ ಹುಡುಗನಿಗೂ ಇದು ಗೊತ್ತಾಗಲಿಲ್ಲ. ತಾನು ಒಂದು ಬೀಗ ಮುರಿದೆ, ಅದಕ್ಕೆ ಇಷ್ಟು ತಿಂಗಳು ಒಳಗಿದ್ದೆ, ಲೆಕ್ಕ ಚುಕ್ತಾ ಎಂದುಕೊಂಡೇ ಅವನು ಹೊರಗೆ ಬಂದಿರಬೇಕು. ಶಿಕ್ಷೆ ಅನುಭವಿಸುವುದು ಬೇರೆ, ಹೊಣೆ ಹೊರುವುದು ಬೇರೆ. ಮೊದಲನೆಯದಕ್ಕೆ ಸುಮ್ಮನೆ ಕೂತರೂ ಸಾಕು, ದಿನ ಕಳೆಯುತ್ತದೆ. ಎರಡನೆಯದಕ್ಕೆ ಎದ್ದು ನಿಂತು ಬಾಯಿ ತೆರೆಯಬೇಕು. ಸರಿಪಡಿಸುವ ನ್ಯಾಯ ಮೃದುವಾದದ್ದು, ಪುಂಡರನ್ನು ಮುದ್ದಿಸುವಂಥದ್ದು ಎನ್ನುವವರಿಗೆ ನಾನು ಹೇಳುವುದು ಇಷ್ಟೆ: ಇಪ್ಪತ್ತು ಬಾಗಿಲು ತಟ್ಟಿ ‘ನಾನೇ ಮಾಡಿದ್ದು’ ಎಂದು ಹೇಳುವುದನ್ನು ಒಮ್ಮೆ ಊಹಿಸಿಕೊಂಡು ನೋಡಿ.

ಒಳಗಿನ ಅಣ್ಣಂದಿರು

ಇಲ್ಲಿ ಒಂದು ತೊಡಕಿದೆ. ಹಾಗೆ ಬಾಗಿಲು ತಟ್ಟುವ ಧೈರ್ಯ ಹತ್ತೊಂಬತ್ತರ ಹುಡುಗನಿಗೆ ಎಲ್ಲಿಂದ ಬರಬೇಕು? ಎಲ್ಮೈರಾದಲ್ಲಿ ಅವರ ಹಿಂದೆ ಇಬ್ಬರು ಹಿರಿಯರು ನಿಂತಿದ್ದರು. ಅಪರಾಧ ಇನ್ನೂ ಗಂಭೀರವಾಗಿದ್ದು, ಹುಡುಗ ಸೆರೆಮನೆಯಲ್ಲಿಯೇ ಇರಬೇಕಾದಾಗ ಅವನ ಹಿಂದೆ ನಿಲ್ಲುವವರು ಯಾರು? ಸಾಮಾನ್ಯವಾಗಿ ನಿಲ್ಲುವವರು ಒಳಗಿನ ಗುಂಪುಗಳ ನಾಯಕರು. ಸೆರೆಮನೆಯಲ್ಲೂ ಗುರುಗಳಿಗೆ ಬರವಿಲ್ಲ. ಅವರು ಏನು ಕಲಿಸುತ್ತಾರೆ ಎಂಬುದಷ್ಟೆ ಪ್ರಶ್ನೆ.

ಅಮೆರಿಕದ ಕನೆಕ್ಟಿಕಟ್ ರಾಜ್ಯ ಈ ಪ್ರಶ್ನೆಗೆ 2017ರಲ್ಲಿ ಒಂದು ಉತ್ತರ ಹುಡುಕಿತು. ಅದಕ್ಕೆ ಪ್ರೇರಣೆ ಸಿಕ್ಕಿದ್ದು ಜರ್ಮನಿಯಿಂದ. ಜರ್ಮನಿಯ 1953ರ ಕಾಯಿದೆ ಹದಿನೆಂಟರಿಂದ ಇಪ್ಪತ್ತರವರೆಗಿನವರನ್ನು ಪ್ರತ್ಯೇಕ ವರ್ಗವೆಂದು ಪರಿಗಣಿಸಿ, ಅವರ ಬುದ್ಧಿ ಎಷ್ಟು ಬಲಿತಿದೆ ಎಂದು ನೋಡಿ, ಬಾಲಾಪರಾಧಿಗಳ ಕಾನೂನನ್ನೇ ಅವರಿಗೂ ಅನ್ವಯಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. 2015ರಲ್ಲಿ ಕನೆಕ್ಟಿಕಟ್‌ನ ರಾಜ್ಯಪಾಲ ಡ್ಯಾನೆಲ್ ಮಲಾಯ್ ಮತ್ತು ಸೆರೆಮನೆ ಇಲಾಖೆಯ ಮುಖ್ಯಸ್ಥ ಸ್ಕಾಟ್ ಸೆಂಪಲ್ ಅಲ್ಲಿನ ಸೆರೆಮನೆಗಳನ್ನು ನೋಡಿ ಬಂದರು. ನ್ಯೂಯಾರ್ಕಿನ ವೆರಾ ಸಂಸ್ಥೆಯ ನೆರವಿನಿಂದ ಚೆಷೈರ್ ಎಂಬಲ್ಲಿನ ಸೆರೆಮನೆಯಲ್ಲಿ ಹದಿನೆಂಟರಿಂದ ಇಪ್ಪತ್ತೈದರವರಿಗಾಗಿ ಒಂದು ವಿಭಾಗ ತೆರೆದರು. ಅದಕ್ಕೆ ‘ಟ್ರೂ’ ಎಂದು ಹೆಸರಿಟ್ಟರು. ಚೆಷೈರ್‌ನ ಆ ಕಟ್ಟಡ ನೂರು ವರ್ಷದ ಹಿಂದೆ ಸುಧಾರಣಾಲಯವಾಗಿಯೇ ಕಟ್ಟಿದ್ದು, ಮೊದಲ ಎಲ್ಮೈರಾದ ವಂಶಕ್ಕೇ ಸೇರಿದ್ದು.

ಈ ವಿಭಾಗದ ವಿಶೇಷವೆಂದರೆ ಅಲ್ಲಿನ ಮಾರ್ಗದರ್ಶಕರು. ಅವರು ಉಪನ್ಯಾಸಕರಲ್ಲ, ಧರ್ಮಬೋಧಕರಲ್ಲ. ಅದೇ ಸೆರೆಮನೆಯ ಹಿರಿಯ ಕೈದಿಗಳು. ಅವರಲ್ಲಿ ಹಲವರು ಜೀವಾವಧಿಯ ಅಥವಾ ಅದಕ್ಕೆ ಸಮನಾದ ಶಿಕ್ಷೆ ಅನುಭವಿಸುತ್ತಿರುವವರು. ತಾವೂ ಇಪ್ಪತ್ತರ ಆಸುಪಾಸಿನಲ್ಲಿ ಒಳಗೆ ಬಂದು, ಅಲ್ಲಿಯೇ ತಲೆ ನರೆತವರು. ಅರ್ಜಿ ಕರೆದು, ಸಂದರ್ಶನ ನಡೆಸಿ, ತರಬೇತಿ ಕೊಟ್ಟು ಅವರನ್ನು ಆರಿಸುತ್ತಾರೆ. ಅವರು ಆ ಹುಡುಗರ ಜೊತೆಗೇ ವಾಸಿಸುತ್ತಾರೆ. ಕಾವಲುಗಾರರಲ್ಲಿಯೂ ಒಪ್ಪಿ ಬಂದವರನ್ನು ಆರಿಸಿ ಬೇರೆ ತರಬೇತಿ ಕೊಡುತ್ತಾರೆ.

ಅಲ್ಲಿ ಇಬ್ಬರು ಹುಡುಗರಿಗೆ ಜಗಳವಾದರೆ ಮೊದಲು ಒಂಟಿ ಕೋಣೆಯಲ್ಲ, ವೃತ್ತ. ಎಲ್ಲರೂ ಸುತ್ತ ಕೂರುತ್ತಾರೆ. ಏನಾಯಿತು, ಯಾರಿಗೆ ನೋವಾಯಿತು, ಸರಿಪಡಿಸುವುದು ಹೇಗೆ ಎಂದು ಒಬ್ಬೊಬ್ಬರೇ ಹೇಳಬೇಕು. ಇದೇ ಅಭ್ಯಾಸ. ಸಣ್ಣ ತಪ್ಪಿಗೆ ಉತ್ತರ ಕೊಡಲು ಕಲಿತವನು ಮುಂದೊಂದು ದಿನ ದೊಡ್ಡ ತಪ್ಪಿಗೆ ಉತ್ತರ ಕೊಟ್ಟಾನು ಎಂಬ ನಂಬಿಕೆ. ಮನೆಯವರನ್ನೂ ಈ ಪ್ರಯತ್ನದಲ್ಲಿ ಸೇರಿಸಿಕೊಳ್ಳುತ್ತಾರೆ.

ಆ ಹಿರಿಯರು ಇದನ್ನೆಲ್ಲ ಏಕೆ ಮಾಡುತ್ತಾರೆ? ಅವರಲ್ಲಿ ಅನೇಕರಿಗೆ ಹೊರಗೆ ಬರುವ ಭರವಸೆ ಕಡಮೆ. ತಾವು ಕೊಂದವರನ್ನು ಮರಳಿಸುವುದು ಅವರಿಗೆ ಸಾಧ್ಯವಿಲ್ಲ. ಸಾಲ ಕೊಟ್ಟವನೇ ತೀರಿಹೋದಾಗ ಆ ಹಣವನ್ನು ಇನ್ನಾರ ಒಳಿತಿಗೋ ಕೊಟ್ಟು ಸಮಾಧಾನ ಪಡುವವರು ನಮ್ಮಲ್ಲೂ ಇದ್ದಾರಲ್ಲ, ಇದೂ ಹಾಗೆಯೇ ಎಂದು ನನಗೆ ತೋರುತ್ತದೆ. ‘ನಿನ್ನ ವಯಸ್ಸಿನಲ್ಲಿ ನಾನೂ ಹೀಗೇ ಎಂದುಕೊಂಡಿದ್ದೆ’ ಎಂದು ಹೇಳುವ ಅಧಿಕಾರ ಅವರಿಗೆ ಇದೆ. ನ್ಯಾಯಾಧೀಶರಿಗೂ ಇಲ್ಲ, ನನಗೂ ಇಲ್ಲ.

ಸಂಶಯಗಳನ್ನು ಮುಚ್ಚಿಡಬಾರದು

ಇದೆಲ್ಲ ಕೇಳಲು ಚೆನ್ನ, ಫಲ ಏನು ಎಂದು ನೀವು ಕೇಳಬೇಕು. ಚೆಷೈರ್‌ನ ಮಾದರಿಯನ್ನು ಮ್ಯಾಸಚೂಸೆಟ್ಸ್, ಸೌತ್ ಕೆರೊಲೈನಾ ರಾಜ್ಯಗಳೂ ಅಳವಡಿಸಿಕೊಂಡವು. ಸೌತ್ ಕೆರೊಲೈನಾದಲ್ಲಿ 2018ರ ಏಪ್ರಿಲ್‌ನಲ್ಲಿ ಒಂದೇ ರಾತ್ರಿಯ ಗಲಭೆಯಲ್ಲಿ ಏಳು ಮಂದಿ ಕೈದಿಗಳು ಸತ್ತಿದ್ದರು. ಅಂಥ ರಾಜ್ಯ ಅದು. ಅಲ್ಲಿ ಅರ್ಜಿ ಹಾಕಿದ ಯುವಕರಲ್ಲಿ ಚೀಟಿ ಎತ್ತಿದಂತೆ ಕೆಲವರನ್ನು ಈ ವಿಭಾಗಕ್ಕೆ ಸೇರಿಸಿ, ಉಳಿದವರನ್ನು ಎಂದಿನಂತೆ ಬಿಟ್ಟು ಹೋಲಿಸಿ ನೋಡಿದರು. ಸೇರಿದವರು ಒಳಗೆ ಹಿಂಸಾಚಾರದಲ್ಲಿ ತೊಡಗಿ ತಪ್ಪಿತಸ್ಥರಾಗುವ ಸಂಭವ ಶೇಕಡಾ 73ರಷ್ಟು ಕಡಮೆಯಾಗಿತ್ತು; ಒಂಟಿ ಕೋಣೆಗೆ ಹೋಗುವ ಸಂಭವ ಶೇಕಡಾ 83ರಷ್ಟು ಕಡಮೆ. ಆದರೆ ಈ ಅಂಕಿಗಳು ಗೋಡೆಯ ಒಳಗಿನ ನಡತೆಯವು, ಹೊರಗೆ ಬಂದ ಮೇಲಿನವಲ್ಲ. ಮೊದಲ ಎಲ್ಮೈರಾದ ಅನುಭವ ಗೊತ್ತಿದ್ದವರು ಈ ವ್ಯತ್ಯಾಸವನ್ನು ಮರೆಯಬಾರದು.

ಹೊರಗಿನ ಮಾತಿಗೆ ಬಂದರೆ, ನೊಂದವರೂ ನೋಯಿಸಿದವರೂ ಮುಖಾಮುಖಿಯಾಗುವ ಸಭೆಗಳ ಬಗ್ಗೆ ನಡೆದ ಹತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಹೀದರ್ ಸ್ಟ್ರಾಂಗ್, ಲಾರೆನ್ಸ್ ಶೆರ್ಮನ್ ಮೊದಲಾದವರು ಪರಿಶೀಲಿಸಿದರು. ಮತ್ತೆ ಅಪರಾಧ ಮಾಡುವ ಪ್ರಮಾಣ ಇಳಿದಿತ್ತು, ಆದರೆ ಇಳಿತ ಸಾಧಾರಣವಾದದ್ದು. ನೊಂದವರ ನೆಮ್ಮದಿಯಲ್ಲಿ ಕಂಡ ಲಾಭ ಮಾತ್ರ ಎದ್ದು ಕಾಣುವಂತಿತ್ತು. ಇನ್ನೊಂದು ಅನಿರೀಕ್ಷಿತ ಸಂಗತಿ: ಸಣ್ಣಪುಟ್ಟ ಕಳವಿಗಿಂತ ಹೊಡೆದಾಟದಂಥ ಪ್ರಕರಣಗಳಲ್ಲಿ ಫಲ ಹೆಚ್ಚು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2008ರಲ್ಲಿ ಡೇನಿಯಲ್ ಸೆರೆಡ್ ಎಂಬ ಮಹಿಳೆ ಆರಂಭಿಸಿದ ‘ಕಾಮನ್ ಜಸ್ಟಿಸ್’ ಕೈಗೆತ್ತಿಕೊಂಡಿದ್ದು ಅಂಥ ಹಿಂಸೆಯ ಪ್ರಕರಣಗಳನ್ನೇ. ನೊಂದವರು ಒಪ್ಪಿದರೆ ಮಾತ್ರ ಹುಡುಗ ಸೆರೆಮನೆಗೆ ಹೋಗುವ ಬದಲು ಈ ದಾರಿ ಹಿಡಿಯಬಹುದು. ಕೇಳಲಾದ ನೊಂದವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಒಪ್ಪಿದ್ದಾರೆಂದು ಆ ಸಂಸ್ಥೆ ಹೇಳುತ್ತದೆ. ಅವರು ಒಪ್ಪಿದ್ದು ಕರುಣೆಯಿಂದಲ್ಲವಂತೆ. ಇನ್ನೊಬ್ಬರಿಗೆ ಹೀಗಾಗಬಾರದು ಎಂಬ ಲೆಕ್ಕಾಚಾರದಿಂದ.

ನೊಂದವರ ಒಪ್ಪಿಗೆ ಎಂಬ ಮಾತಿನ ಕೆಳಗೆ ಗೆರೆ ಎಳೆಯಬೇಕು. ಕ್ಷಮಿಸೆಂದು ಯಾರನ್ನೂ ಬಲವಂತ ಮಾಡುವುದು ಎರಡನೆಯ ಅಪರಾಧ. ಇದು ನಮ್ಮ ನಾಡಿನಲ್ಲಿ ವಿಶೇಷವಾಗಿ ಹೇಳಬೇಕಾದ ಮಾತು.

ನಮ್ಮ ಕಟ್ಟೆ, ನಮ್ಮ ಕಾನೂನು

ಏಕೆಂದರೆ, ಇದರಲ್ಲಿ ಹೊಸದೇನಿದೆ, ನಮ್ಮ ಊರ ಕಟ್ಟೆಯ ಪಂಚಾಯಿತಿಯೂ ಇದೇ ಅಲ್ಲವೆ ಎಂದು ಕೇಳುವವರಿದ್ದಾರೆ. ನ್ಯೂಜಿಲೆಂಡ್ 1989ರಲ್ಲಿ ಮಾವೊರಿ ಜನರ ಪದ್ಧತಿಯಿಂದ ಪಾಠ ಕಲಿತು, ತಪ್ಪು ಮಾಡಿದ ಕಿರಿಯರಿಗಾಗಿ ಕುಟುಂಬಗಳ ಸಭೆಯನ್ನು ಕಾನೂನಿನೊಳಕ್ಕೇ ತಂದಿತು. ನಮ್ಮಲ್ಲೂ ತಪ್ಪುಕಾಣಿಕೆ ಎಂಬ ಸೊಗಸಾದ ಪದವಿದೆ. ಆದರೆ ನಮ್ಮ ಕಟ್ಟೆಯ ಮೇಲೆ ಕೂತವರು ಯಾರು, ಕೆಳಗೆ ನಿಂತವರು ಯಾರು ಎಂಬುದನ್ನು ಮರೆಯಲಾಗದು. ಅಲ್ಲಿ ರಾಜಿ ಎಂದರೆ ಎಷ್ಟೋ ಸಲ ಬಡವರ, ಕೆಳಜಾತಿಯವರ, ಹೆಂಗಸರ ಬಾಯಿ ಮುಚ್ಚಿಸ���ವುದು, ತಪ್ಪದಿದ್ದರೆ ಬಹಿಷ್ಕಾರ. ಸರಿಪಡಿಸುವ ನ್ಯಾಯ ಕಾನೂನಿನ ಕಣ್ಣೆದುರು, ನೊಂದವರು ‘ಒಲ್ಲೆ’ ಎನ್ನುವ ಹಕ್ಕಿನೊಂದಿಗೆ ನಡೆಯಬೇಕೇ ಹೊರತು ಕಟ್ಟೆಯ ಮರಳುವಿಕೆಯಾಗಿ ಅಲ್ಲ.

ಕಾನೂನಿನೊಳಗೆ ಜಾಗವಿಲ್ಲವೆಂದೂ ಹೇಳುವಂತಿಲ್ಲ. 1958ರ ಅಪರಾಧಿಗಳ ಪ್ರೊಬೇಷನ್ ಕಾಯಿದೆಯನ್ನು ತೆರೆದು ನೋಡಿ. ಜೀವಾವಧಿ ಶಿಕ್ಷೆಯಾಗುವಂಥ ಅಪರಾಧಗಳನ್ನು ಬಿಟ್ಟರೆ, ಇಪ್ಪತ್ತೊಂದು ತುಂಬದವರನ್ನು ಸೆರೆಗೆ ಕಳಿಸಬಾರದು, ಕಳಿಸುವುದಾದರೆ ಕಾರಣ ಬರೆದಿಡಬೇಕು ಎಂದು ಅದರ ಆರನೆಯ ಸೆಕ್ಷನ್ ಹೇಳುತ್ತದೆ. ಪ್ರೊಬೇಷನ್ ಮೇಲೆ ಬಿಡುವಾಗ ನೊಂದವರಿಗೆ ಪರಿಹಾರ ಕೊಡಿಸಬಹುದೆಂದು ಐದನೆಯ ಸೆಕ್ಷನ್ ಹೇಳುತ್ತದೆ. ಅಂದರೆ ಕೆನಡಾದ ಎಲ್ಮೈರಾದಲ್ಲಿ ಹುಡುಗರು ಬಾಗಿಲು ತಟ್ಟುವ ಹದಿನಾರು ವರ್ಷ ಮೊದಲೇ ನಮ್ಮ ಸಂಸತ್ತು ಗಿಡಕ್ಕೂ ಮರಕ್ಕೂ ನಡುವೆ ಒಂದು ಜಾಗ ಬಿಟ್ಟಿತ್ತು. ಇನ್ನು ತಪ್ಪೊಪ್ಪಿಗೆಯ ಚೌಕಾಶಿ, ಅಂದರೆ ‘ಪ್ಲೀ ಬಾರ್ಗೇನಿಂಗ್’. 2006ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ, ಮಹಿಳೆಯರ ಮತ್ತು ಎಳೆಯ ಮಕ್ಕಳ ಮೇಲಿನ ಅಪರಾಧಗಳಂಥವನ್ನು ಬಿಟ್ಟು, ನೊಂದವರನ್ನೂ ಸೇರಿಸಿಕೊಂಡು ಇಬ್ಬರಿಗೂ ಒಪ್ಪಿಗೆಯಾಗುವ ತೀರ್ಮಾನಕ್ಕೆ ಬರಲು ಅದು ಸಭೆ ಕರೆಯುತ್ತದೆ. ಕುರ್ಚಿಗಳು ಹಾಕಿಯೇ ಇವೆ, ಕೂರಿಸುವವರು ಬೇಕು.

ದೊಡ್ಡ ಅಡ್ಡಿ ಬೇರೆಯದು. 2022ರ ಅಂಕಿ ಅಂಶಗಳ ಪ್ರಕಾರ ಭಾರತದ ಸೆರೆಮನೆಗಳಲ್ಲಿ ಇದ್ದವರಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನ ಕೈದಿಗಳು. ಐದರಲ್ಲಿ ಹೆಚ್ಚು ಕಡಮೆ ಎರಡು ಪಾಲು ಹದಿನೆಂಟರಿಂದ ಮೂವತ್ತರೊಳಗಿನವರು. ವಿಚಾರಣೆ ಮುಗಿಯದ ಹುಡುಗ ‘ನಾನೇ ಮಾಡಿದ್ದು’ ಎಂದು ಹೇಗೆ ಹೇಳಿಯಾನು? ಹೇಳಬೇಡ ಎಂದು ವಕೀಲರು ಹೇಳುತ್ತಾರೆ. ಅವರ ದೃಷ್ಟಿಯಲ್ಲಿ ಅದು ಸರಿಯೂ ಹೌದು. ಆತ ನಿಜಕ್ಕೂ ನಿರಪರಾಧಿಯಾಗಿರಲೂಬಹುದು. ಸತ್ಯ ಹೇಳಿದರೆ ನಷ್ಟ, ಸುಮ್ಮನಿದ್ದರೆ ಲಾಭ ಎಂಬ ಪಾಠವನ್ನು ವರ್ಷಗಟ್ಟಲೆ ಕಲಿಸಿ, ಕೊನೆಗೆ ಅವನಿಂದ ಪಶ್ಚಾತ್ತಾಪ ನಿರೀಕ್ಷಿಸುತ್ತೇವೆ. ವಿಚಾರಣೆ ಬೇಗ ಮುಗಿಯದೆ ಇಲ್ಲಿ ಯಾವ ಸರಿಪಡಿಸುವ ನ್ಯಾಯವೂ ಬೇರೂರದು.

ಮಾರ್ಗದರ್ಶನದ ವಿಷಯದಲ್ಲಿ ನಮ್ಮಲ್ಲಿ ಆಗಿರುವುದನ್ನೂ ನೆನೆಯಬೇಕು. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು 1990ರ ದಶಕದ ಕೊನೆಯಿಂದ ಕರ್ನಾಟಕದ ಕಾರಾಗೃಹಗಳಲ್ಲಿ ಕೈದಿಗಳಿಗೆ ನಾಟಕ ಕಲಿಸಿ, ಹೊರಗಿನ ರಂಗಮಂದಿರಗಳಿಗೂ ಕರೆತಂದು ಆಡಿಸಿದರು. ಮ್ಯಾಕ್‌ಬೆತ್ ಕಥೆಯನ್ನು ಕನ್ನಡಕ್ಕೆ ಒಗ್ಗಿಸಿದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ವನ್ನೂ ಆಡಿಸಿದರು. ಕೊಲೆ ಮಾಡಿದವನ ಕೈಗೆ ಅಂಟಿದ ನೆತ್ತರು ತೊಳೆದರೂ ಹೋಗದ ಕತೆಯನ್ನು, ಶಿಕ್ಷೆ ಅನುಭವಿಸುತ್ತಿರುವವರು ಪ್ರೇಕ್ಷಕರ ಕಣ್ಣೆದುರು ಆಡುವುದೆಂದರೆ ಸಣ್ಣ ಮಾತಲ್ಲ. ಅಲ್ಲಿ ಹಳಬರು ಹೊಸಬರ ಜೊತೆ ನಿಲ್ಲಬೇಕು, ಮಾತು ಮರೆತವನಿಗೆ ಇನ್ನೊಬ್ಬ ಎತ್ತಿಕೊಡಬೇಕು. ಚೆಷೈರ್‌ನಲ್ಲಿ ವೃತ್ತ ಮಾಡಿದ ಕೆಲಸದ ಒಂದು ಪಾಲನ್ನು ಇಲ್ಲಿ ರಂಗಭೂಮಿ ಮಾಡಿದೆ.

ವಿದ್ಯಾರ್ಥಿಗಳೆ, ನಾಳೆ ನೀವು ಕರಿ ಕೋಟು ತೊಡುವವರು. ನಿಮ್ಮ ಕಕ್ಷಿದಾರ ಇಪ್ಪತ್ತೊಂದು ತುಂಬದವನಾದರೆ ಆ ಆರನೆಯ ಸೆಕ್ಷನ್ನನ್ನು ನ್ಯಾಯಾಧೀಶರಿಗೆ ನೆನಪಿಸಿ. ಪ್ರೊಬೇಷನ್ ಅಧಿಕಾರಿಯ ವರದಿ ಬರಿಯ ಖಾಲಿ ನಮೂನೆಯಾಗಿ ಬರದಂತೆ ನೋಡಿಕೊಳ್ಳಿ. ಎಲ್ಮೈರಾದ ಕತೆ ಶುರುವಾದದ್ದು ಅಂಥ ಒಂದು ವರದಿಯಿಂದ. ನೊಂದವರ ಪರ ನಿಂತಾಗ, ಕಳೆದುಹೋದದ್ದು ಏನು ಎಂದು ಕೇಳಿದ ಮೇಲೆ, ತಿಳಿಯಬೇಕಾದದ್ದು ಏನು ಎಂದೂ ಕೇಳಿ.

ನಮ್ಮ ಮನೆಯ ಆ ಹುಡುಗ ಈಗ ನಡುವಯಸ್ಸು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ಅವತ್ತು ನ್ಯಾಯಾಲಯದಲ್ಲಿ ಯಾರಾದರೊಬ್ಬ ಹಿರಿಯ ಅವನ ಭುಜದ ಮೇಲೆ ಕೈಯಿಟ್ಟು, ‘ಬಾ, ಆ ಅಮ್ಮನ ಪ್ರಶ್ನೆಗೆ ಉತ್ತರ ಹೇಳಿ ಬರೋಣ’ ಎಂದು ಆ ಹತ್ತು ಅಡಿ ನಡೆಸಿಕೊಂಡು ಬಂದಿದ್ದರೆ ಅವನ ಶಿಕ್ಷೆ ಒಂದು ದಿನವೂ ಕಡಮೆಯಾಗುತ್ತಿರಲಿಲ್ಲವೇನೋ. ನಮ್ಮ ಅಮ್ಮ ಮಾತ್ರ ಆ ಸಂಜೆಯೇ ಎದುರು ಮನೆಯ ಬಾಗಿಲು ತಟ್ಟುತ್ತಿದ್ದರು.